ಬೇಕಾ, ಸಾಕಾ?

ಮನೆಯಿಂದ,
ಹನ್ನೊಂದನೇ ತಾರೀಕು, ಬುಧವಾರ
(ಇದು ಬರೆಯಲು ಕೂತ ದಿನ. ಮುಗಿಯುವ ದಿನ ಯಾವುದೆಂದು ನನಗೂ ಗೊತ್ತಿಲ್ಲ.)

ಪ್ರೀತಿಯ ಮಗನೇ, ಅವಸರಪ್ಪಾ,

ಹೇಗಿದ್ದೀಯ? ಸುರಂಗದ ಧೂಳಿಗೆ ಕೆಮ್ಮು ಹೆಚ್ಚಾಗಿಲ್ಲ ತಾನೆ? ಕಂಪನಿಯವರು ಕೊಟ್ಟ ಮಾಸ್ಕನ್ನು ಮೂಗಿಗೇ ಹಾಕಿಕೊಳ್ಳುತ್ತಿದ್ದೀಯೋ, ಇಲ್ಲ ಹಿಂದಿನ ಫೋಟೊದಲ್ಲಿದ್ದ ಹಾಗೆ ಗಲ್ಲಕ್ಕೆ ತಗುಲಿಸಿಕೊಂಡು ಓಡಾಡುತ್ತಿದ್ದೀಯೋ? ನಲವತ್ತಾರು ವರ್ಷದ ಸೂಪರ್‌ವೈಸರನಿಗೆ ಅಮ್ಮ ಇದನ್ನೆಲ್ಲ ಹೇಳಬೇಕೆ ಎಂದು ನಗಬೇಡ. ಹೊತ್ತಿಗೆ ಸರಿಯಾಗಿ ಊಟ ಮಾಡು. ಒದ್ದೆ ಬೂಟಿನಲ್ಲೇ ದಿನವೆಲ್ಲ ನಿಲ್ಲಬೇಡ. ಕ್ಷೇಮ ಸಮಾಚಾರ ಇಲ್ಲಿಗೆ ಮುಗಿಯಿತು. ಇನ್ನು ವಿಷಯಕ್ಕೆ ಬರುತ್ತೇನೆ. ನನಗೆ ನಿನ್ನ ಮೇಲೆ ಕೆಟ್ಟ ಕೋಪ ಬಂದಿದೆ. ಇದು ಇವತ್ತಿನ ಕೋಪವಲ್ಲ, ಏಳು ತಿಂಗಳ ಹಿಂದಿನದು. ಹೇಳಲು ಬಾಯಿ ಇರಲಿಲ್ಲ, ಬರೆಯಲು ಕೈ ಇರಲಿಲ್ಲ, ಅದಕ್ಕೇ ಒಳಗೇ ಕೂತು ಕುದಿಯುತ್ತಿತ್ತು. ಈಗ ಎಡಗೈಗೆ ಅಕ್ಷರ ಒಲಿದಿದೆ. ಮೊದಲ ಬಯ್ಗುಳ ನಿನಗೇ ಸಲ್ಲಬೇಕು, ಹೆತ್ತ ಮಗನಲ್ಲವೆ.

ಈ ಪತ್ರವನ್ನು ನಾನು ಹೇಗೆ ಬರೆಯುತ್ತಿದ್ದೇನೆಂದು ನಿನಗೆ ತಿಳಿದಿರಲಿ. ದಿನಕ್ಕೆ ಏಳೆಂಟು ಸಾಲು. ಬೆಳಗಿನ ಕಾಫಿ ಆದ ಮೇಲೆ ಊಟದ ಮೇಜಿನ ಹತ್ತಿರ ಕೂತು, ಕಾಗದ ಜಾರದಂತೆ ಅದರ ಮೇಲೆ ಇಸ್ತ್ರಿಪೆಟ್ಟಿಗೆ ಇಟ್ಟು, ಎಡಗೈಯಲ್ಲಿ ಬರೆಯುತ್ತೇನೆ. ಬಲಗೈ ಮಡಿಲಲ್ಲಿ ಮಲಗಿದ ಬೆಕ್ಕಿನ ಹಾಗೆ ಇರುತ್ತದೆ, ತನಗೆ ಇಷ್ಟ ಬಂದಾಗ ಸ್ವಲ್ಪ ಅಲ್ಲಾಡುತ್ತದೆ. ಇವತ್ತು ಬರೆದದ್ದನ್ನು ನಾಳೆ ಓದಿ ತಿದ್ದುತ್ತೇನೆ, ಏಕೆಂದರೆ ಒಂದು ಪದ ಬರೆಯಹೋದರೆ ಇನ್ನೊಂದು ಬಂದು ಕೂತಿರುತ್ತದೆ. ನಿನ್ನೆ ‘ಕಿಟಕಿ’ ಎಂದು ಬರೆಯಹೋಗಿ ‘ಕಿರಿಕಿರಿ’ ಎಂದು ಬರೆದಿದ್ದೆ. ಹಾಗೇ ಬಿಟ್ಟುಬಿಡೋಣ ಅನ್ನಿಸಿತು, ಈ ಮನೆಗೆ ಅದೇ ಸರಿ. ನಿನ್ನ ಚಿಕ್ಕಮ್ಮ ಹಿಂದೆ ನಿಂತು ಇಣುಕಿ, ತಪ್ಪಿದ್ದಲ್ಲಿ ಬೆರಳಿಡುತ್ತಾಳೆ. ಅಷ್ಟಕ್ಕೆ ಮಾತ್ರ ಅವಳಿಗೆ ಅಪ್ಪಣೆ. ‘ಪಾಪ, ದೂರದಲ್ಲಿರೋ ಹುಡುಗ, ಸ್ವಲ್ಪ ಮೆತ್ತಗೆ ಬರಿ ಅಕ್ಕಾ’ ಅಂದಳು. ಇಸ್ತ್ರಿಪೆಟ್ಟಿಗೆ ಕಡೆ ನೋಡಿದೆ, ಒಳಗೆ ಹೋದಳು.

ಆ ದಿನ ನಿನಗೆ ನೆನಪಿದೆಯೋ ಇಲ್ಲವೋ, ನನಗಂತೂ ಮೇಜಿನ ಮೇಲಿದ್ದ ಪೆನ್ನಿನ ಬಣ್ಣದ ತನಕ ನೆನಪಿದೆ. ಲಕ್ವ ಹೊಡೆದು ಮೂರನೇ ವಾರ. ಮೊದಲ ಹತ್ತು ದಿನ ನೀನು ಮಂಚದ ಪಕ್ಕದಲ್ಲೇ ಇದ್ದೆ, ನನ್ನ ಬಾಯಿ ಒರೆಸಿದೆ, ಕಾಲು ಒತ್ತಿದೆ, ಅದನ್ನು ನಾನು ಮರೆತಿಲ್ಲ. ರಜೆ ಮುಗಿಯಿತು, ಹೋದೆ. ಅದಕ್ಕೂ ಕೋಪವಿಲ್ಲ. ಆಮೇಲೆ ಒಂದು ಬೆಳಿಗ್ಗೆ ನನ್ನನ್ನು ಗಾಲಿಕುರ್ಚಿಯಲ್ಲಿ ದೊಡ್ಡ ಡಾಕ್ಟರ ಕೋಣೆಗೆ ತಳ್ಳಿಕೊಂಡು ಹೋದರು. ಚಿಕ್ಕಮ್ಮ ಗೋಡೆಗೆ ಒರಗಿ ನಿಂತಿದ್ದಳು. ನನಗೆ ದಿನಾ ಮಾತು ಕಲಿಸಲು ಬರುತ್ತಿದ್ದ ಹುಡುಗಿ, ನಾನು ಮನಸ್ಸಿನಲ್ಲೇ ಮಾತಿನ ಟೀಚರ್ ಎಂದು ಕರೆಯುತ್ತಿದ್ದವಳು, ಬಾಗಿಲ ಹತ್ತಿರ ಫೈಲು ಹಿಡಿದು ನಿಂತಿದ್ದಳು. ಮೇಜಿನ ಮೇಲೆ ಫೋನಿನೊಳಗೆ ನೀನು. ಹಿಂದಿನಿಂದ ಬಂಡೆ ಕೊರೆಯುವ ಸದ್ದು. ತರಬೇತಿ ಮುಂದುವರಿಸಬೇಕಾದರೆ ಇನ್ನೂ ಮೂರು ತಿಂಗಳು ಅಲ್ಲೇ ಉಳಿಯಬೇಕು, ಇಲ್ಲವಾದರೆ ಮನೆಗೆ ಹೋಗಬಹುದು, ಎಂದು ಡಾಕ್ಟರು ಹೇಳಿದರು. ಆಗ ನೀನು ಕೂಗಿ ಕೇಳಿದೆ: ‘ಅಮ್ಮಾ, ನಿಂಗೆ ಇನ್ನೂ ಬೇಕಾ, ಸಾಕಾ? ಬೇಗ ಹೇಳು, ಸಿಗ್ನಲ್ ಹೋಗುತ್ತೆ.’ ನಾನು ಬೇಕು ಅಂತ ಹೇಳಲು ಬಾಯಿ ತೆರೆದೆ. ಹೊರಗೆ ಬಂದದ್ದು ‘ಸಾಕು’.

ಅದು ತಪ್ಪೆಂದು ನನ್ನ ಕಿವಿಗೇ ಗೊತ್ತಾಯಿತು. ತಿದ್ದಲು ಹೋದೆ. ಬೇಕು, ಬೇಕು, ಎಂದು ತಲೆಯೊಳಗೆ ಗಂಟೆ ಹೊಡೆದ ಹಾಗೆ ಕೇಳುತ್ತಿತ್ತು, ಬಾಯಿಂದ ಮಾತ್ರ ‘ಸಾಕು, ಸಾಕು’ ಎಂದೇ ಬರುತ್ತಿತ್ತು. ಕುರ್ಚಿಯ ಕೈಯನ್ನು ಎಡಗೈಯಲ್ಲಿ ಗುದ್ದಿದೆ. ಕಣ್ಣಲ್ಲಿ ನೀರು ಬಂತು. ಅವರೆಲ್ಲ ಏನು ತಿಳಿದರು ಗೊತ್ತೆ? ಮುದುಕಿ ಎಷ್ಟು ಗಟ್ಟಿಯಾಗಿ ತೀರ್ಮಾನ ಮಾಡಿದ್ದಾಳೆ ಎಂದು! ಚಿಕ್ಕಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಡಾಕ್ಟರು ಪೆನ್ನಿನ ಮುಚ್ಚಳ ತೆಗೆದು, ‘ಈ ವಯಸ್ಸಲ್ಲಿ ಅವ್ರಿಗೂ ನೆಮ್ಮದಿ ಬೇಕಲ್ವಾ’ ಎಂದರು. ಹಸಿರು ಪೆನ್ನು. ನೀನು ಒಂದು ಉಸಿರು ಬಿಟ್ಟೆ, ಆ ಬಂಡೆ ಕೊರೆಯುವ ಸದ್ದಿನ ನಡುವೆಯೂ ಅದು ನನಗೆ ಕೇಳಿಸಿತು. ‘ಸರಿ ಅಮ್ಮಾ, ನಿನ್ನಿಷ್ಟ’ ಅಂದೆ. ನನ್ನಿಷ್ಟವಂತೆ! ತರಬೇತಿ ಬೇಡವೆಂಬ ಒಪ್ಪಿಗೆಯ ಕಾಗದ ನಿನ್ನ ಸಹಿ ಹಾಕಿಸಿಕೊಂಡು ನಾಲ್ಕೇ ದಿನಕ್ಕೆ ವಾಪಸ್ ಬಂತು. ನೀನು ಶಾಲೆಯ ಪ್ರೋಗ್ರೆಸ್ ಕಾರ್ಡಿಗೂ ನಿನ್ನಪ್ಪನ ಸಹಿಯನ್ನು ಅಷ್ಟು ಬೇಗ ಹಾಕಿಸಿಕೊಂಡವನಲ್ಲ.

ಯಾಕೆ ಹಾಗಾಯಿತೆಂದು ನನಗೆ ಆಮೇಲೆ ತಿಳಿಯಿತು. ಮೆದುಳಿನಲ್ಲಿ ಮಾತಿನ ಜಾಗಕ್ಕೆ ಪೆಟ್ಟು ಬಿದ್ದವರು ಕಡೆಯದಾಗಿ ಕಿವಿಗೆ ಬಿದ್ದ ಪದವನ್ನೇ ಎತ್ತಿ ಆಡುವುದು ಉಂಟಂತೆ. ಹೌದು ಎನ್ನುವ ಕಡೆ ಇಲ್ಲ ಬರುತ್ತದಂತೆ, ಇಲ್ಲದ ಕಡೆ ಹೌದು. ನೀನು ‘ಸಾಕಾ, ಬೇಕಾ?’ ಎಂದು ಕೇಳಿದ್ದರೆ ನಾನು ‘ಬೇಕು’ ಎನ್ನುತ್ತಿದ್ದೆನೋ ಏನೋ. ಹಿಂದುಮುಂದಾಗಿ ಕೇಳಿದ ಎರಡು ಪದಕ್ಕೆ ನನ್ನ ಏಳು ತಿಂಗಳು ಹೋಯಿತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಮೈಕಿನ ಮುಂದೆ ನಾನು ಮೂವತ್ತೊಂದು ವರ್ಷ ಕೂತಿದ್ದೇನೆ, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಹೇಳುತ್ತ. ಅಲ್ಲಿ ಸೇರಿದ ಮೊದಲ ದಿನ ಹಿರಿಯ ಕಂಟ್ರೋಲರು ಹೇಳಿಕೊಟ್ಟ ಪಾಠ ಒಂದೇ: ‘ಕೇಳಿದ್ದನ್ನ ತಿರುಗಿಸಿ ಕೇಳು, ಆಮೇಲೆ ಬಾಯಿ ಬಿಡು.’ ಒಳಗಿನಿಂದ ಫೋನಿನಲ್ಲಿ ‘ನಾಲ್ಕು’ ಎಂದರೆ ನಾನು ‘ನಾಲ್ಕಾ?’ ಎಂದು ಕೇಳುವಂತಿರಲಿಲ್ಲ, ‘ನೀರಿನ ಟ್ಯಾಂಕಿನ ಪಕ್ಕದ್ದಾ?’ ಎಂದು ಕೇಳಬೇಕಿತ್ತು. ಏಕೆಂದರೆ ಅವಸರದಲ್ಲಿರುವ ಮನುಷ್ಯ ಯಾವ ನಂಬರಿಗೂ ಹೂಂ ಅಂದುಬಿಡುತ್ತಾನೆ. ಒಂದು ಬಸ್ಸಿನ ಐವತ್ತು ಜನಕ್ಕೆ ಅಷ್ಟು ಎಚ್ಚರಿಕೆ. ನಿನ್ನ ಅಮ್ಮನ ಮಾತಿಗೆ, ಕೈಗೆ, ಬದುಕಿಗೆ ಒಂದು ಸಲ ತಿರುಗಿಸಿ ಕೇಳಲು ನಿನಗೆ ಪುರುಸೊತ್ತು ಇರಲಿಲ್ಲ. ಆ ಡಾಕ್ಟರಿಗೂ ಇರಲಿಲ್ಲ.

ನೀನು ಹೇಳಬಹುದು, ನನಗೆ ಹೇಗೆ ಗೊತ್ತಾಗಬೇಕಿತ್ತು ಅಮ್ಮಾ ಎಂದು. ಹೇಳುತ್ತೇನೆ ಕೇಳು. ನನ್ನ ಪಕ್ಕದ ಮಂಚದಲ್ಲಿ ಒಬ್ಬಳು ಇದ್ದಳು, ಬೇಕರಿಯಲ್ಲಿ ಹಿಟ್ಟು ನಾದುವ ಕೆಲಸದವಳು, ಮೂವತ್ತಮೂರು ವರ್ಷ. ಅವಳಿಗೂ ಅದೇ ವಾರ, ಮೆದುಳಿನ ಅದೇ ಎಡಭಾಗಕ್ಕೆ ಹೊಡೆದಿತ್ತು. ಅವಳ ಮಾತೆಲ್ಲ ಹೋಗಿ ಬಯ್ಗುಳ ಮಾತ್ರ ಉಳಿದಿತ್ತು. ನೀರು ಬೇಕಾದರೂ ಬಯ್ಗುಳ, ನೋವಾದರೂ ಬಯ್ಗುಳ, ಡಾಕ್ಟರು ಬಂದರೆ ಕುಲಗೋತ್ರ ಎತ್ತಿ ಬಯ್ಗುಳ. ದಿನಕ್ಕೆ ಹತ್ತು ಸಲ ‘ಸಾಕು, ಬಿಡ್ರೋ ನನ್ನ’ ಎಂದು ಅರಚುತ್ತಿದ್ದಳು. ಅವಳ ‘ಸಾಕು’ ಯಾರ ಕಿವಿಗೂ ಬೀಳಲಿಲ್ಲ! ‘ಸಿಟ್ಟು ಬರ್ತಿದೆ, ಒಳ್ಳೇ ಲಕ್ಷಣ, ಚಿಕ್ಕ ವಯಸ್ಸು’ ಎಂದು ನಗುತ್ತ ಎತ್ತಿ ನಿಲ್ಲಿಸುತ್ತಿದ್ದರು. ಅದೇ ವಾರ ನಾನು ಸಿಟ್ಟು ತಡೆಯಲಾರದೆ ಚಮಚ ಎಸೆದೆ. ‘ವಯಸ್ಸಾದ ಮೇಲೆ ಸ್ವಭಾವ ಹೀಗೇ ಆಗುತ್ತೆ’ ಎಂದು ನಿದ್ದೆ ಮಾತ್ರೆ ಬರೆದರು. ಅವಳಿಗೆ ದಿನಕ್ಕೆ ಮೂರು ತಾಸು ತರಬೇತಿ, ನನಗೆ ಇಪ್ಪತ್ತು ನಿಮಿಷ. ಆಮೇಲೆ ನಮ್ಮಿಬ್ಬರನ್ನೂ ಪಕ್ಕಪಕ್ಕ ಕೂರಿಸಿ, ನೋಡಿ, ಚಿಕ್ಕ ವಯಸ್ಸಿನವರು ಬೇಗ ಸುಧಾರಿಸುತ್ತಾರೆ, ಎಂದು ಕಲಿಯಲು ಬಂದ ಹುಡುಗ ಡಾಕ್ಟರುಗಳಿಗೆ ಪಾಠ. ಒಬ್ಬಳಿಗೆ ಮೂರು ಹೊತ್ತು ಊಟ, ಇನ್ನೊಬ್ಬಳಿಗೆ ಅರ್ಧ ಹೊತ್ತು ಹಾಕಿ ಆಮೇಲೆ ತೂಕ ನೋಡಿದ ಹಾಗೆ. ಒಬ್ಬನಾದರೂ ಕೈಯೆತ್ತಿ ಕೇಳಲಿಲ್ಲ, ಇಬ್ಬರಿಗೂ ಒಂದೇ ಪಾಠ ಆಗಿದೆಯಾ ಸಾರ್ ಎಂದು.

ಎಪ್ಪತ್ತೆರಡು ವರ್ಷದವಳು ‘ಸಾಕು’ ಎಂದರೆ ಎಲ್ಲರೂ ಯಾಕೆ ಅಷ್ಟು ಬೇಗ ನಂಬುತ್ತಾರೆ ಹೇಳು? ಏಕೆಂದರೆ ಅವರು ಅದನ್ನೇ ಕಾಯುತ್ತಿರುತ್ತಾರೆ. ಮುದುಕರ ಬಾಯಿಗೆ ಆ ಪದ ಒಪ್ಪುತ್ತದೆ ಎಂದುಕೊಂಡಿರುತ್ತಾರೆ. ನನಗೆ ಸಾಕಾಗಿರಲಿಲ್ಲ ಮಗನೇ. ಸಾಕು ಎಂದು ನಾನು ತಟ್ಟೆಗೆ ಬಡಿಸುವಾಗ ಹೇಳಿರಬಹುದು, ನಿನ್ನಪ್ಪ ಒಂದೇ ಜೋಕನ್ನು ಮೂರನೇ ಸಲ ಹೇಳುವಾಗ ಹೇಳಿರಬಹುದು. ಬದುಕಿಗೆ ಹೇಳಿದ್ದಿಲ್ಲ.

ವಯಸ್ಸು ಲೆಕ್ಕಕ್ಕೇ ಇಲ್ಲ ಎಂದು ನಾನು ವಾದ ಮಾಡುತ್ತಿಲ್ಲ. ಬೇಕರಿ ಹುಡುಗಿಗೆ ಬೇಗ ಮಾತು ಮರಳಿತು, ನಾಲ್ಕನೇ ತಿಂಗಳಿಗೆ ಕೋಲನ್ನೂ ಬಿಟ್ಟಳು, ನಾನು ಇವತ್ತಿಗೂ ಬಚ್ಚಲಿಗೆ ಗೋಡೆ ಹಿಡಿದು ಹೋಗುತ್ತೇನೆ. ಮಾತಿನ ಟೀಚರನ್ನು ಕಳೆದ ತಿಂಗಳು ಕೇಳಿದೆ, ಹೇಗೆ ಸಿಕ್ಕಿದಳು ಎಂದು ಆಮೇಲೆ ಹೇಳುತ್ತೇನೆ. ಅವಳು ಸುಳ್ಳು ಹೇಳಲಿಲ್ಲ. ‘ವಯಸ್ಸಿನ ಪಾತ್ರ ಇದೆ ಅಮ್ಮಾ, ಇಲ್ಲ ಅನ್ನಲ್ಲ. ರಸ್ತೆ ಕುಸಿದ್ರೆ ಮೂವತ್ತರ ಮೆದುಳು ಬಳಸುದಾರೀನ ಓಡ್ಕೊಂಡು ಹುಡುಕುತ್ತೆ, ಎಪ್ಪತ್ತರದ್ದು ಕೋಲೂರ್ಕೊಂಡು ಹುಡುಕುತ್ತೆ. ಆದ್ರೆ ಹುಡುಕುತ್ತೆ. ಮನೇಲಿ ಕೂರಿಸಿದ್ರೆ ಯಾವ ವಯಸ್ಸಿನದ್ದೂ ಹುಡುಕಲ್ಲ’ ಎಂದಳು. ಮೊದಲ ಮೂರು ತಿಂಗಳು ಎಲ್ಲರಿಗೂ ಫಲವತ್ತಾದ ಕಾಲವಂತೆ, ಆಮೇಲೂ ಬರುತ್ತದೆ, ಆದರೆ ಆ ವೇಗ ಇರುವುದಿಲ್ಲವಂತೆ. ಆ ಮೂರು ತಿಂಗಳು ನಾನು ನಡುಮನೆಯಲ್ಲಿ ಟೀವಿಯ ಎದುರು ಕೂತಿದ್ದೆ. ವಯಸ್ಸು ತನ್ನ ಪಾಲನ್ನು ತೆಗೆದುಕೊಳ್ಳಲಿ, ಅದರ ಹಕ್ಕು ಅದಕ್ಕಿದೆ. ನನ್ನ ಪಾಲನ್ನೂ ಎತ್ತಿ ಅದರ ತಟ್ಟೆಗೆ ಹಾಕಲು ನೀವೆಲ್ಲ ಯಾರು?

ಇನ್ನೊಂದು ಮಾತು. ನಿನಗೆ ನಾಲ್ಕು ವರ್ಷ ತುಂಬುವವರೆಗೆ ಮಾತು ಬಂದಿರಲಿಲ್ಲ. ಈಗ ಬೇರೆಯವರ ವಾಕ್ಯವನ್ನೂ ನೀನೇ ಮುಗಿಸುತ್ತೀಯ, ಅದಕ್ಕೇ ಅವಸರಪ್ಪ ಎಂಬ ಹೆಸರು ಬಿತ್ತು, ಆದರೆ ಆಗ ನೀನು ಮೂಕನೆಂದೇ ಊರಿಗೆಲ್ಲ ಗೊತ್ತು. ನಿನ್ನಜ್ಜಿ, ‘ಇದು ಇಷ್ಟೇ, ಬಿಟ್ಬಿಡು’ ಎಂದರು. ಕೆಳಗಿನ ಮನೆಯವರು ಮರುಕಪಟ್ಟರು. ನಾನು ಸಂಜೆ ಕೆಲಸ ಮುಗಿಸಿ ಬಂದು, ದಿನವಿಡೀ ಕೂಗಿ ಒಣಗಿದ ಗಂಟಲಲ್ಲೇ, ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದೊಂದು ಪಾತ್ರೆಯ ಹೆಸರನ್ನೂ ನೂರು ಸಲ ಹೇಳುತ್ತಿದ್ದೆ. ನೀನು ನನ್ನ ತುಟಿ ಮುಟ್ಟಿ ನೋಡುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಎರಡು ವರ್ಷ ಹೀಗೆ. ಒಂದು ದಿನ ‘ಲೋಟ’ ಎಂದೆ. ನಾನು ಅತ್ತೆ, ನೀನು ಹೆದರಿ ಒಂದು ವಾರ ಮತ್ತೆ ಬಾಯಿ ಬಿಡಲಿಲ್ಲ. ನಾನು ಅಷ್ಟು ವರ್ಷ ಕಾದೆ. ನೀನು ಮೂರು ವಾರ ಕಾದೆ. ಚಿಕ್ಕವರಿಗೆ ಮುಂದೆ ಬದುಕಿದೆ, ಅದಕ್ಕೆ ಕಾಯುತ್ತಾರೆ, ಎಂದು ನೀನು ಹೇಳುವುದಾದರೆ ಹೇಳು. ನನಗೂ ಮುಂದೆ ಬದುಕಿದೆ. ಎಷ್ಟು ಎಂದು ಅಳೆದು ನೋಡಿದವರು ಯಾರೂ ಇಲ್ಲ.

ಮನೆಗೆ ಬಂದ ಮೇಲೆ ಏನಾಯಿತು ಎಂದರೆ, ನಾನು ಇದ್ದೂ ಇಲ್ಲದವಳಾದೆ. ನೋಡಲು ಬಂದವರೆಲ್ಲ ನನ್ನ ತಲೆಯ ಮೇಲಿಂದ ಮಾತಾಡುತ್ತಿದ್ದರು. ‘ತಿಂದ್ರಾ ಅವ್ರು?’ ‘ನಮ್ಮ ಗುರುತು ಸಿಗುತ್ತಾ ಅವ್ರಿಗೆ?’ ನನ್ನ ಕಿವಿಗೆ ಏನೂ ಆಗಿರಲಿಲ್ಲ, ಆದರೂ ಕೆಲವರು ಕಿವುಡರಿಗೆ ಕೂಗಿದ ಹಾಗೆ ಕೂಗುತ್ತಿದ್ದರು. ಮಾತು ಹೋದರೆ ಬುದ್ಧಿಯೂ ಹೋಯಿತೆಂದು ಯಾರು ಹೇಳಿಕೊಟ್ಟರೋ. ಅವರನ್ನಾದರೂ ಕ್ಷಮಿಸಿಯೇನು, ಹೊರಗಿನವರು. ನೀನು ಪ್ರತಿ ಭಾನುವಾರ ಫೋನು ಮಾಡಿ ಚಿಕ್ಕಮ್ಮನನ್ನು ಕೇಳುತ್ತೀಯ, ‘ಅಮ್ಮ ಹೇಗಿದಾಳೆ?’ ಎಂದು. ಅಮ್ಮ ಎರಡು ಮೊಳ ದೂರದಲ್ಲಿ ಅದೇ ಸೋಫಾದ ಮೇಲೆ ಕೂತಿರುತ್ತಾಳೆ. ಫೋನನ್ನು ನನ್ನ ಕಿವಿಗಿಟ್ಟರೆ, ನಾನು ಒಂದು ಪದ ಹುಡುಕುವಷ್ಟರಲ್ಲಿ ‘ಸರಿ ಸರಿ, ಆಯಾಸ ಮಾಡ್ಕೋಬೇಡ’ ಎಂದು ಇಟ್ಟುಬಿಡುತ್ತೀಯ. ಆಯಾಸ ನನಗೋ ನಿನಗೋ?

ಈಗ ನಗುವ ವಿಷಯ ಹೇಳುತ್ತೇನೆ, ಆದರೆ ಕೋಪ ಇಳಿಯಿತೆಂದು ತಿಳಿಯಬೇಡ. ಮೂರನೇ ತಿಂಗಳು ಕಳೆದು ಒಂದು ಬೆಳಿಗ್ಗೆ ನನಗೆ ಬಾಯಾರಿಕೆ. ಚಿಕ್ಕಮ್ಮ ಅಡುಗೆಮನೆಯಲ್ಲಿ. ಕರೆಯಲು ಬಾಯಿ ತೆರೆದೆ. ಗಂಟೆ ಹೊಡೆದ ಹಾಗೆ ಸ್ಪಷ್ಟವಾಗಿ, ಹಳೆಯ ರಾಗದಲ್ಲೇ ಬಂತು: ‘ಪ್ರಯಾಣಿಕರ ಗಮನಕ್ಕೆ!’ ಚಿಕ್ಕಮ್ಮನ ಕೈಯಲ್ಲಿದ್ದ ಪಾತ್ರೆ ಕೆಳಗೆ. ನನಗೆ ಪೂರ್ತಿ ತಲೆ ಕೆಟ್ಟಿತೆಂದೇ ಅವಳು ಅತ್ತಳು. ನಾನು ಸಮಾಧಾನ ಮಾಡಲು ಹೋದರೆ ಮತ್ತೆ ಅದೇ, ‘ಪ್ರಯಾಣಿಕರ ಗಮನಕ್ಕೆ’. ಮೂವತ್ತೊಂದು ವರ್ಷ ದಿನಕ್ಕೆ ನೂರು ಸಲ ಹೇಳಿದ್ದು, ಕೆಟ್ಟ ರಸ್ತೆಯನ್ನು ಬಿಟ್ಟು ಬೇರೆ ಎಲ್ಲೋ ಉಳಿದುಕೊಂಡಿತ್ತು. ಅದರ ಉಪಯೋಗ ಕಂಡುಹಿಡಿದವಳು ಬೇಕರಿ ಹುಡುಗಿ. ಆಸ್ಪತ್ರೆಯಿಂದ ಬಿಟ್ಟ ಮೇಲೆ ವಾರಕ್ಕೆ ಮೂರು ದಿನ ಕೆಲಸ ಮುಗಿಸಿ ನನ್ನನ್ನು ನೋಡಲು ಬರುತ್ತಾಳೆ, ನನ್ನ ವಯಸ್ಸಿನ ಅರ್ಧವೂ ಇಲ್ಲದ ಗೆಳತಿ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕು, ಆಮೇಲೆ ಮೇಜು ಕುಟ್ಟಿ ಹೇಳಿದಳು, ‘ಅಮ್ಮಾ, ಆ ಬಸ್ಸಿಗೆ ಹಿಂದೆ ಒಂದು ಡಬ್ಬಿ ಕಟ್ಟಿ.’ ಹಾಗೇ ಮಾಡಿದೆವು. ‘ಪ್ರಯಾಣಿಕರ ಗಮನಕ್ಕೆ, ನೀರು.’ ‘ಪ್ರಯಾಣಿಕರ ಗಮನಕ್ಕೆ, ಕಿಟಕಿ ತೆಗಿ.’ ರಾಗದ ಬೆನ್ನಿಗೆ ಪದ ಜಾರಿ ಬರುತ್ತಿತ್ತು. ದಿನಕ್ಕೆ ನಾಲ್ಕು ಪದ, ಆಮೇಲೆ ಹತ್ತು. ಈಗ ಕೆಲವಕ್ಕೆ ಮುಂದಿನ ಬಸ್ಸೇ ಬೇಡ, ಬರಿಯ ಪದವೇ ಬರುತ್ತದೆ. ಟೀಚರಿಲ್ಲದೆ, ಯಂತ್ರವಿಲ್ಲದೆ, ಹಿಟ್ಟು ನಾದುವವಳೂ ಮೈಕಿನಲ್ಲಿ ಕೂಗುತ್ತಿದ್ದವಳೂ ಸೇರಿ ಇಷ್ಟು ಮಾಡಿದ್ದೇವೆ. ಮುದಿ ಮೆದುಳಿಗೆ ಇನ್ನು ಏನೂ ಹತ್ತುವುದಿಲ್ಲ ಎಂದುಕೊಂಡ ದೊಡ್ಡ ಡಾಕ್ಟರನ್ನು ಇಲ್ಲಿಗೆ ಕರೆದುಕೊಂಡು ಬಾ, ಅವರ ಮೇಜನ್ನೂ ಹಸಿರು ಪೆನ್ನನ್ನೂ ಹೆಸರಿಟ್ಟು ಹೇಳುತ್ತೇನೆ.

ಕಳೆದ ತಿಂಗಳು ಅವಳ ಬೇಕರಿಗೆ ನಾನೇ ಹೋದೆ, ಚಿಕ್ಕಮ್ಮನ ತೋಳು ಹಿಡಿದು. ಜನ ಸಾಲಾಗಿ ನಿಂತಿದ್ದರು. ನನ್ನ ಸರದಿ ಬಂತು. ‘ಪ್ರಯಾಣಿಕರ ಗಮನಕ್ಕೆ, ಎರಡು ಬನ್ನು’ ಎಂದೆ. ಎಲ್ಲರೂ ತಿರುಗಿ ನೋಡಿದರು, ಇಬ್ಬರು ಅಭ್ಯಾಸಬಲದಿಂದ ಚೀಲ ಎತ್ತಿಕೊಂಡರು. ಸಾಲಿನಲ್ಲಿ ನನ್ನ ಹಿಂದೆ ನಿಂತಿದ್ದವಳು ಮಾತಿನ ಟೀಚರ್. ಅವಳು ನನ್ನನ್ನು ಪಕ್ಕದ ಬೆಂಚಿನ ಮೇಲೆ ಕೂರಿಸಿ, ಲೋಟ, ಕೀಲಿ, ಚಪ್ಪಲಿ ಎಂದು ಒಂದೊಂದನ್ನೇ ತೋರಿಸಿ ಕೇಳಿದಳು, ಹತ್ತರಲ್ಲಿ ಆರು ಹೇಳಿದೆ. ಅವಳ ಮುಖ ಬಿಳಿಚಿಕೊಂಡಿತು. ನನ್ನ ಫೈಲಿನಲ್ಲಿ ‘ರೋಗಿ ಹಾಗೂ ಕುಟುಂಬದವರು ತರಬೇತಿ ನಿರಾಕರಿಸಿದ್ದಾರೆ’ ಎಂದು ಬರೆದಿದೆಯಂತೆ. ಆಮೇಲೆ ತಲೆ ತಗ್ಗಿಸಿ, ‘ಆವತ್ತೇ ನಂಗೆ ಅನುಮಾನ ಬಂದಿತ್ತು ಅಮ್ಮಾ, ನಿಮ್ಮ ಕಣ್ಣು ಬೇರೆ ಹೇಳ್ತಿತ್ತು. ದೊಡ್ಡ ಡಾಕ್ಟರ ಮುಂದೆ ಬಾಯಿ ಬಿಡೋಕೆ ಆಗ್ಲಿಲ್ಲ’ ಎಂದಳು. ನನಗೆ ಬಾಯಿ ಇರಲಿಲ್ಲ, ಆಡಲಿಲ್ಲ. ಇವಳಿಗೆ ಇತ್ತು, ಇವಳೂ ಆಡಲಿಲ್ಲ. ಬೈಯಬೇಕೆಂದು ಪದ ಹುಡುಕಿದೆ, ಸಿಗಲಿಲ್ಲ. ಬೇಕರಿ ಹುಡುಗಿ ಒಳಗಿನಿಂದ ಬಂದು ನನ್ನ ಪರವಾಗಿ ಬೈದಳು, ಅವಳ ಹತ್ತಿರ ಇನ್ನೂ ದಾಸ್ತಾನಿದೆ.

ಈಗ ನನಗೆ ಬೇಕಾದದ್ದು ಇಷ್ಟು. ಆಸ್ಪತ್ರೆಯ ತರಬೇತಿ ಕೇಂದ್ರದಲ್ಲಿ ಮುಂದಿನ ತಿಂಗಳು ಹೊಸ ತಂಡ ಶುರುವಾಗುತ್ತದೆ, ದಿನಕ್ಕೆ ಎರಡು ತಾಸು, ಹನ್ನೆರಡು ವಾರ. ಆರು ಜನರಿಗೆ ಮಾತ್ರ ಜಾಗ, ಒಂದು ಉಳಿದಿದೆ. ಮಾತಿನ ಟೀಚರ್ ಅದನ್ನು ನನಗಾಗಿ ಹಿಡಿದಿಟ್ಟಿದ್ದಾಳೆ, ಹತ್ತನೇ ತಾರೀಕಿನವರೆಗೆ. ನಿರಾಕರಿಸಿದವರನ್ನು ಮತ್ತೆ ಸೇರಿಸಿಕೊಳ್ಳಲು ಒಂದು ಫಾರ್ಮು ಇದೆ, ಕೆಳಗೆ ‘ಜವಾಬ್ದಾರರ ಸಹಿ’ ಎಂದಿದೆ. ಹಿಂದೆ ಬೇಡವೆಂದು ಸಹಿ ಹಾಕಿದವನು ನೀನು, ಬೇಕೆಂದು ನೀನೇ ಹಾಕಬೇಕು ಎಂದು ಎಲ್ಲರೂ ಹೇಳುತ್ತಿದ್ದಾರೆ. ಫೋಟೊ ಕಳಿಸಿದರೆ ಆಗುವುದಿಲ್ಲವಂತೆ, ಶಾಯಿಯ ಸಹಿಯೇ ಬೇಕಂತೆ. ಆ ಕಾಗದ ನಾಲ್ಕು ದಿನಕ್ಕೆ ಬಂದಿತ್ತು, ಇದೂ ನಾಲ್ಕೇ ದಿನಕ್ಕೆ ಬರಬೇಕು. ಯೋಚಿಸಿ ನೋಡೋಣ ಅಮ್ಮಾ, ಡಾಕ್ಟರನ್ನ ಕೇಳೋಣ ಅಮ್ಮಾ, ಈ ವಯಸ್ಸಲ್ಲಿ ಅಷ್ಟು ದೂರ ದಿನಾ ಓಡಾಡೋದು ಆಗುತ್ತಾ ಅಮ್ಮಾ, ಇದ್ಯಾವುದೂ ಬೇಡ. ಮತ್ತೆ ಪೂರ್ತಿ ಮೊದಲಿನ ಹಾಗೆ ಆಗುತ್ತೇನೆಂದು ನನಗೆ ಯಾರೂ ಭರವಸೆ ಕೊಟ್ಟಿಲ್ಲ, ನಾನೂ ಕೇಳಿಲ್ಲ. ಇವತ್ತು ಹತ್ತರಲ್ಲಿ ಆರು ಬರುತ್ತಿದೆ. ಎಂಟು ಬರಲಿ. ಏಳಾದರೂ ಬರಲಿ. ಆ ಒಂದು ಪದ ನಿನ್ನ ಹೆಸರೇ ಇರಬಹುದು, ಅದಿನ್ನೂ ನನ್ನ ಬಾಯಿಗೆ ಸಿಕ್ಕಿಲ್ಲ.

ಮೇಲಿನ ಸಾಲನ್ನು ಬರೆದು ಎರಡು ದಿನ ಪೆನ್ನು ಮುಟ್ಟಲಿಲ್ಲ. ಹೊಡೆದುಹಾಕೋಣ ಎಂದುಕೊಂಡೆ, ಚಿಕ್ಕಮ್ಮ ಬಿಡಲಿಲ್ಲ.

ನಿನ್ನ ಹೆಂಡತಿಗೂ ಮೊಮ್ಮಗಳಿಗೂ ನನ್ನ ಪ್ರೀತಿ ತಿಳಿಸು. ಅವರ ಮೇಲೆ ನನಗೆ ಕೋಪವಿಲ್ಲ. ಮೊಮ್ಮಗಳು ಕಳಿಸಿದ ಚಿತ್ರವನ್ನು ಕಪಾಟಿನ ಬಾಗಿಲಿಗೆ ಅಂಟಿಸಿದ್ದೇನೆ, ಅದರಲ್ಲಿ ನನಗೆ ಎರಡೂ ಕೈ ಒಂದೇ ಉದ್ದ ಇವೆ. ನಿನಗೆ ಒಳ್ಳೆಯದಾಗಲಿ, ನಿನ್ನ ತಲೆಯ ಮೇಲೆ ಒಂದು ಕಲ್ಲೂ ಬೀಳದಿರಲಿ, ಸುರಂಗದ ಆ ಕಡೆಯ ಬೆಳಕು ಬೇಗ ಕಾಣಲಿ. ಬೈದಷ್ಟೇ ಪ್ರೀತಿಯಿಂದ, ಪ್ರೀತಿಸಿದಷ್ಟೇ ಕೋಪದಿಂದ,

ನಿನ್ನ ಅಮ್ಮ

ತಾ.ಕ.: ಮೂವತ್ತನೇ ತಾರೀಕು, ಸೋಮವಾರ. ಅಂಚೆಗೆ ಹಾಕುವ ಮುಂಚೆ ಅವಸರದಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಂಡು ಓದು. ಇವತ್ತು ಕೇಂದ್ರಕ್ಕೆ ಹೋಗಿದ್ದೆ, ಅಂಚೆ ತಡವಾದರೆ ಎರಡು ದಿನ ಹೆಚ್ಚು ಕೊಡಿ ಎಂದು ಕೇಳಲು. ಕೌಂಟರಿನವನು ಚಿಕ್ಕಮ್ಮನನ್ನೇ ನೋಡಿ, ‘ಅವ್ರ ಮಗ ಎಲ್ಲಿ?’ ಎಂದ. ಚಿಕ್ಕಮ್ಮ ಉತ್ತರ ಕೊಡಲು ಹೊರಟಳು, ಅವಳ ಕೈ ಹಿಡಿದು ನಿಲ್ಲಿಸಿದೆ. ‘ನಾನು... ಸಹಿ... ಹಾಕಿದರೆ?’ ಎಂದು ಕೇಳಿದೆ. ಮೂರು ಪದ, ಎಷ್ಟು ಹೊತ್ತಾಯಿತೋ, ಹಿಂದಿನವರು ಗೊಣಗಿದರು. ಅವನು ಫಾರ್ಮನ್ನು ತಿರುಗಿಸಿ ಹಿಂದಿನ ಸಣ್ಣಕ್ಷರ ಓದಿದ. ರೋಗಿಗೆ ತಿಳಿವಳಿಕೆ ಇದ್ದು ಸಹಿ ಮಾಡಲು ಬಂದರೆ ರೋಗಿಯ ಸಹಿಯೇ ಸಾಲುತ್ತದಂತೆ. ಯಾವಾಗಿನಿಂದ ಎಂದು ಚಿಕ್ಕಮ್ಮ ಕೇಳಿದಳು. ‘ಮೊದಲಿಂದ್ಲೂ ಹಾಗೇ ಇದೆಯಲ್ಲಾ’ ಎಂದ. ಎಡಗೈಯಲ್ಲಿ ಹಾಕಿ ಕೊಟ್ಟು ಬಂದೆ. ಹಾಗಾಗಿ ಲಕೋಟೆಯಲ್ಲಿ ಫಾರ್ಮು ಹುಡುಕಬೇಡ, ಇಲ್ಲ. ನಿನ್ನ ಸಹಿಯ ಅಗತ್ಯ ಇನ್ನಿಲ್ಲ. ಆದರೆ ಭಾನುವಾರ ಫೋನು ಮಾಡು. ಚಿಕ್ಕಮ್ಮನನ್ನು ಕೇಳಬೇಡ. ನನ್ನನ್ನು ಕೇಳು. ಕೇಳಿ ಆದ ಮೇಲೆ, ನಾನು ಉತ್ತರ ಹುಡುಕಿಕೊಂಡು ಬರುವವರೆಗೆ, ಎಷ್ಟು ಹೊತ್ತಾದರೂ ಸರಿ, ಸುಮ್ಮನಿರು.